ಮುಕ್ತ ದತ್ತಾಂಶ: ದಿ ಪಾಂಡ್ಸ್‌ನ ನಿದರ್ಶನ

ಯಾರು ಬೇಕಾದರೂ ಉಚಿತವಾಗಿ ಪಡೆದು ಮರುಬಳಸಬಹುದಾದ ಸಾರ್ವಜನಿಕ ಮಾಹಿತಿಯೇ ಮುಕ್ತ ದತ್ತಾಂಶ. ಅದರ ಪ್ರಯೋಜನ ಹೆಚ್ಚಾಗಿ ದಕ್ಕುವುದು ಸಣ್ಣ ಸಮುದಾಯಗಳಿಗೆ. ಸಿಡ್ನಿಯ ವಾಯವ್ಯಕ್ಕೆ, ಬ್ಲ್ಯಾಕ್‌ಟೌನ್ ನಗರಾಡಳಿತದಲ್ಲಿರುವ ದಿ ಪಾಂಡ್ಸ್ ಬಡಾವಣೆಯನ್ನೇ ನೋಡಬಹುದು. ಆಸ್ಟ್ರೇಲಿಯಾದ ಅಂಕಿಅಂಶ ಬ್ಯೂರೋ ಐದು ವರ್ಷಕ್ಕೊಮ್ಮೆ ನಡೆಸುವ ಜನಗಣತಿಯಲ್ಲಿ ಮನೆಮಾತನ್ನೂ ಕೇಳುತ್ತದೆ. 2021ರ ಗಣತಿಯ ಫಲಿತಾಂಶ ಬಡಾವಣೆವಾರು ಲಭ್ಯವಿದೆ. ಹೀಗಾಗಿ ಕನ್ನಡ ತರಗತಿಗೆ ಕೊಠಡಿಯನ್ನೋ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳನ್ನೋ ಕೇಳುವವರು ಊಹೆಯ ಬದಲು ಅಧಿಕೃತ ಸಂಖ್ಯೆಯನ್ನು ಮುಂದಿಡಬಹುದು.

ಸಣ್ಣ ಗುಂಪಿನ ಅಂಕಿಗಳಿಂದ ವ್ಯಕ್ತಿಯ ಗುರುತು ಬಯಲಾದೀತೆಂಬ ಆಕ್ಷೇಪವಿದೆ. ಅದಕ್ಕೆಂದೇ ಬ್ಯೂರೋ ಪ್ರಕಟಿಸುವ ಅಂಕಿಗಳಲ್ಲಿ ಯಾದೃಚ್ಛಿಕವಾಗಿ ಅಲ್ಪ ವ್ಯತ್ಯಾಸ ಮಾಡುತ್ತದೆ. ಬೆಳೆಯುತ್ತಿರುವ ಬಡಾವಣೆಯಲ್ಲಿ ಅಂಕಿಗಳು ಬೇಗ ಹಳತಾಗುತ್ತವೆ ಎಂಬುದೂ ನಿಜ. ಆದರೆ ಅದು ದತ್ತಾಂಶವನ್ನು ಕೈಬಿಡಲು ಕಾರಣವಲ್ಲ; ಶಾಲಾ ದಾಖಲಾತಿಯಂಥ ಹೊಸ ಮಾಹಿತಿಯೊಡನೆ ಹೋಲಿಸಿ ಓದಬೇಕೆಂಬ ಎಚ್ಚರಿಕೆ ಮಾತ್ರ.