ಮೂರು ಫೇಸ್ ಗೃಹ ಸಂಪರ್ಕಕ್ಕೆ ವಿದ್ಯುತ್ ಒಲೆ ಜೋಡಣೆ: ಗ್ರಾಹಕರಿಗೆ ಮಾಹಿತಿ

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಜೆಸ್ಕಾಂ ಗೃಹ ಬಳಕೆದಾರರ ಗಮನಕ್ಕೆ:

1. ಮೂರು ಫೇಸ್ ಸಂಪರ್ಕದಲ್ಲಿ ಒಂದು ಫೇಸ್ ಹಾಗೂ ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. 230 ವೋಲ್ಟ್‌ನ ಒಲೆಯನ್ನು ಎರಡು ಫೇಸ್‌ಗಳ ನಡುವೆ ಜೋಡಿಸಿದಲ್ಲಿ ಅದು ಸುಟ್ಟುಹೋಗುವುದಲ್ಲದೆ ಬೆಂಕಿ ಅವಘಡವೂ ಸಂಭವಿಸಬಹುದು.

2. 6 ಕಿಲೋವ್ಯಾಟ್ ಒಲೆಯು ಒಂದೇ ಫೇಸ್‌ನಲ್ಲಿ ಸುಮಾರು 26 ಆಂಪಿಯರ್ ಎಳೆಯುತ್ತದೆ. ಮೂರು ಫೇಸ್‌ಗೆಂದೇ ತಯಾರಾದ ಒಲೆಯಲ್ಲಿ ಈ ಹೊರೆ ಸಮನಾಗಿ ಹಂಚಿಕೆಯಾಗಿ, ಪ್ರತಿ ಫೇಸ್‌ಗೆ ಸುಮಾರು 9 ಆಂಪಿಯರ್ ಆಗುತ್ತದೆ.

3. ಒಂದು ಫೇಸ್‌ನಲ್ಲಿ ವಿದ್ಯುತ್ ಇಲ್ಲದಾಗ ಒಲೆಯ ಹೊರೆಯನ್ನು ಮತ್ತೊಂದು ಫೇಸ್‌ಗೆ ಬದಲಾಯಿಸಬಾರದು. ಆ ಫೇಸ್‌ನ ತಂತಿ ಕಾದು ನಿರೋಧಕ ಕವಚ ಕರಗಬಹುದು.

4. ನ್ಯೂಟ್ರಲ್ ತಂತಿ ಸಡಿಲವಾದಲ್ಲಿ ಅಥವಾ ಕಡಿದಲ್ಲಿ, ಕಡಿಮೆ ಹೊರೆಯಿರುವ ಫೇಸ್‌ನ ವೋಲ್ಟೇಜ್ ಮಿತಿಮೀರಿ ದೂರದರ್ಶನ, ರೆಫ್ರಿಜರೇಟರ್ ಮುಂತಾದವು ಹಾಳಾಗಬಹುದು. ಆದುದರಿಂದ ನ್ಯೂಟ್ರಲ್‌ಗೆ ಪ್ರತ್ಯೇಕ ಫ್ಯೂಸ್ ಅಳವಡಿಸಬಾರದು.

5. ಒಲೆಯ ಲೋಹದ ಹೊರಭಾಗಕ್ಕೆ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಸೋರಿಕೆಯಲ್ಲಿ ವಿದ್ಯುತ್ ಕಡಿತಗೊಳಿಸುವ ಸುರಕ್ಷತಾ ಸಾಧನ ಇರತಕ್ಕದ್ದು. ನ್ಯೂಟ್ರಲ್ಲನ್ನು ಅರ್ಥಿಂಗ್ ಆಗಿ ಬಳಸಬಾರದು.

6. ಮಂಜೂರಾದ ಹೊರೆ ಹಾಗೂ ಆರ್.ಆರ್. ಸಂಖ್ಯೆಯನ್ನು ವಿದ್ಯುತ್ ಬಿಲ್ಲಿನಲ್ಲಿ ಪರಿಶೀಲಿಸಿ, ಹೊರೆ ಸಾಲದಿದ್ದಲ್ಲಿ ಒಲೆ ಜೋಡಿಸುವ ಮೊದಲೇ ಉಪವಿಭಾಗ ಕಚೇರಿಯಲ್ಲಿ ಹೆಚ್ಚುವರಿ ಹೊರೆಗೆ ಅರ್ಜಿ ಸಲ್ಲಿಸತಕ್ಕದ್ದು. ಹೊರೆ ಹೆಚ್ಚಿದಂತೆ ಮಾಸಿಕ ನಿಗದಿತ ಶುಲ್ಕವೂ ಹೆಚ್ಚುತ್ತದೆ.

ಜೋಡಣೆಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ದೀಪಗಳು ಒಮ್ಮೆಲೇ ಅತಿ ಪ್ರಕಾಶವಾಗಿ ಉರಿದಲ್ಲಿ ಮುಖ್ಯ ಸ್ವಿಚ್ ಆರಿಸಿ, 1912ಕ್ಕೆ ಕರೆಮಾಡಲು ಕೋರಲಾಗಿದೆ.