ಡಾರ್ವಿನ್ ಮೆಚ್ಚಿದ ಕಾದಂಬರಿಗಳು

ವಿಕಾಸವಾದದ ಜನಕ ಚಾರ್ಲ್ಸ್ ಡಾರ್ವಿನ್ ಕಾದಂಬರಿಗಳ ಕಟ್ಟಾ ಅಭಿಮಾನಿ ಎಂಬುದು ಅನೇಕರಿಗೆ ತಿಳಿಯದು. 1838ರಿಂದ 1860ರವರೆಗೆ ಆತ ತಾನು ಓದಿದ, ಓದಬೇಕಾದ ಪುಸ್ತಕಗಳ ಪಟ್ಟಿಯನ್ನು ಬರೆದಿಡುತ್ತಿದ್ದ. ಕೆಲವು ಹೆಸರುಗಳ ಪಕ್ಕದಲ್ಲಿ ಒಂದೆರಡು ಪದಗಳ ತೀರ್ಪೂ ಇದೆ.

ಈ ಓದಿನ ಹವ್ಯಾಸದಿಂದ ವಿಜ್ಞಾನಕ್ಕಾದ ಲಾಭ ದೊಡ್ಡದು. 1838ರಲ್ಲಿ ಮನರಂಜನೆಗೆಂದೇ ಡಾರ್ವಿನ್ ಕೈಗೆತ್ತಿಕೊಂಡದ್ದು ಜನಸಂಖ್ಯೆ ಕುರಿತು ಮಾಲ್ಥಸ್ ಬರೆದ ಪ್ರಬಂಧ. ಆಹಾರಕ್ಕಿಂತ ಜನ ವೇಗವಾಗಿ ಹೆಚ್ಚುತ್ತಾರೆ ಎಂಬುದು ಅದರ ವಾದ. ಹಾಗಾದರೆ ಬದುಕಿನ ಹೋರಾಟದಲ್ಲಿ ಅನುಕೂಲ ಗುಣವುಳ್ಳ ಜೀವಿಗಳೇ ಉಳಿಯುತ್ತವೆ ಎಂದು ಆತನಿಗೆ ಹೊಳೆಯಿತು. 1859ರಲ್ಲಿ ಗ್ರಂಥವಾಗಿ ಹೊರಬಂದ ನಿಸರ್ಗದ ಆಯ್ಕೆಯ ಸಿದ್ಧಾಂತಕ್ಕೆ ಇದೇ ಬೀಜ.

ಕಾದಂಬರಿಗಳನ್ನು ಮಾತ್ರ ಮನೆಯವರು ಓದಿ ಹೇಳಬೇಕು, ಈತ ಕೇಳಬೇಕು. 1876ರಲ್ಲಿ ಬರೆದ ಆತ್ಮಕಥೆಯಲ್ಲಿ ಡಾರ್ವಿನ್‌ನ ಅಭಿಪ್ರಾಯ ನೇರವಾಗಿದೆ: ದುಃಖಾಂತ ಕಾದಂಬರಿಗಳ ವಿರುದ್ಧ ಕಾನೂನೇ ಬರಬೇಕು, ಮನಸಾರೆ ಪ್ರೀತಿಸಬಹುದಾದ ಒಂದು ಪಾತ್ರವೂ ಇಲ್ಲದ ಕೃತಿ ಮೊದಲ ದರ್ಜೆಯದಲ್ಲ.

ಅದೇ ಪುಟಗಳಲ್ಲಿ ವಿಷಾದವೂ ಇದೆ. ಬೀಗಲ್ ಹಡಗಿನ ಯಾನದಲ್ಲಿ ಮಿಲ್ಟನ್‌ನ ಕಾವ್ಯವನ್ನು ಬಿಟ್ಟಿರದವನಿಗೆ ಮುಪ್ಪಿನಲ್ಲಿ ಒಂದು ಸಾಲು ಕವಿತೆಯೂ ರುಚಿಸದಾಯಿತು. ಷೇಕ್ಸ್‌ಪಿಯರ್ ಕೂಡ ಅಸಹ್ಯವೆನಿಸಿದ. ಸಂಗತಿಗಳ ರಾಶಿಯಿಂದ ನಿಯಮಗಳನ್ನು ಅರೆದು ತೆಗೆಯುವ ಯಂತ್ರವಾಯಿತೇ ತನ್ನ ಮನಸ್ಸು ಎಂದು ಆತ ಮರುಗಿದ. ಮತ್ತೊಮ್ಮೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಕವಿತೆ ಓದುವೆ, ಸಂಗೀತ ಕೇಳುವೆ ಎಂದುಕೊಂಡ. ಈ ಅಭಿರುಚಿ ಹೋದರೆ ಸುಖವೇ ಹೋದಂತೆ, ಬುದ್ಧಿಗೂ ಅದರಿಂದ ಹಾನಿಯಾದೀತು ಎಂಬುದು ಆ ಮಹಾ ವಿಜ್ಞಾನಿ ಕಂಡುಕೊಂಡ ಸತ್ಯ.