ಪೊಟ್ಟಣದೊಳಗಿನ ಬಿಸಿಲು

"ಡಿ ಕಡಿಮಿ ಐತ್ರಿ, ಅದಕ್ಕ ಸೀನತೈತಿ." ಬೈಲಹೊಂಗಲ, ಸವದತ್ತಿ ಕಡೆಯ ತಾಯಂದಿರು ಈಗ ಮಗುವಿನ ಮೂಗು ತೋರಿಸುವ ಮೊದಲೇ ವಿಟಮಿನ್ ಡಿ ಅಳೆದ ಲ್ಯಾಬಿನ ಕಾಗದ ಮುಂದಿಡುತ್ತಾರೆ. ಆ ಮಾತನ್ನು ಅವರಿಗೆ ಕಲಿಸಿದವರು ನಾವೇ, ವೈದ್ಯರು.

ಮೂಗಿನ ಶಾಸ್ತ್ರ, ಮೂಳೆಯ ಶಾಸ್ತ್ರ ಹುಟ್ಟಿದ್ದು ಬೇರೆ ಬೇರೆ ಮನೆಗಳಲ್ಲಿ. ಪರಾಗದಿಂದ ಸೀನು ಬರುತ್ತದೆಂದು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೂಗಿನ ಮೇಲೇ ಪ್ರಯೋಗ ಮಾಡಿ 1873ರಲ್ಲಿ ಬರೆದ. ಮೆಲನ್‌ಬಿ ಎಂಬ ಇಂಗ್ಲಿಷ್ ವೈದ್ಯ 1919ರಲ್ಲಿ ನಾಯಿಮರಿಗಳ ಮೂಳೆ ಬಾಗಿಸುವ ರಿಕೆಟ್ಸ್ ಬೆನ್ನು ಹತ್ತಿದ್ದ. ವಿಟಮಿನ್ ಡಿ ಸಿಕ್ಕಿದ್ದು ಆ ದಾರಿಯಲ್ಲಿ. ರೋಗನಿರೋಧಕ ಜೀವಕೋಶಗಳಲ್ಲೂ ಈ ಜೀವಸತ್ವವನ್ನು ಹಿಡಿಯುವ ಗ್ರಾಹಕಗಳಿವೆ ಎಂದು 1980ರ ದಶಕದಲ್ಲಿ ತಿಳಿದ ಮೇಲೆ ಎರಡೂ ಮನೆಗಳ ನಡುವೆ ನೆಂಟಸ್ತನ ಬೆಳೆಯಿತು. ಆದರೆ ಎಂಥ ನೆಂಟಸ್ತನ! ಕೂಸುಗಳಿಗೆ ಡಿ ಕೊಟ್ಟದ್ದರಿಂದಲೇ ಅಲರ್ಜಿ ಹೆಚ್ಚಿರಬಹುದೆಂದು 1999ರಲ್ಲಿ ಜರ್ಮನಿಯ ವ್ಯೆಸ್ಟ್ ಮತ್ತು ಡೋಲ್ಡ್ ಶಂಕಿಸಿದರು. ಬಸಿರಿನಲ್ಲಿ ಹೆಚ್ಚು ಡಿ ಸೇವಿಸಿದ ತಾಯಂದಿರ ಮಕ್ಕಳಿಗೆ ಉಬ್ಬಸ ಕಡಿಮೆ ಎಂದು 2007ರಲ್ಲಿ ಅಮೆರಿಕದ ಕಮಾರ್ಗೊ ತಂಡ ಹೇಳಿತು. ಆಮೇಲಿನ ಹಲವು ಅಧ್ಯಯನಗಳಲ್ಲಿ ಅಲರ್ಜಿಯ ಮಕ್ಕಳಲ್ಲಿ ಡಿ ಕಡಿಮೆ ಕಂಡಿತು, ಕೆಲವುಗಳಲ್ಲಿ ಕಾಣಲಿಲ್ಲ. ಸದಾ ಸೀನುವ ಮಗುವನ್ನು ಹೊರಗೆ ಆಡಲು ಯಾರು ಬಿಡುತ್ತಾರೆ? ಬಿಸಿಲು ತಾಗದಿದ್ದರೆ ಡಿ ಇಳಿಯುತ್ತದೆ. ಯಾವುದು ಕಾರಣ, ಯಾವುದು ಪರಿಣಾಮ?

ನಮ್ಮ ಕಾಲದವರ ಕಲಿಕೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಅವರ ತಂಡ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸದ, ಬೆನ್ನು ಬಿದ್ದಿತು. ಊರಿನ ಸುಮಾರು ನೂರಕ್ಕೆ 7 ಮಂದಿಗೆ ಅದರಿಂದ ಮೂಗಿನ ಅಲರ್ಜಿ ಎಂದು 1991ರಲ್ಲಿ ಪ್ರಕಟಿಸಿತು. ಅದೇ ಊರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಎರಡು ದಶಕಗಳಲ್ಲಿ 20,000 ಮಕ್ಕಳನ್ನು ನೋಡಿ, 1979ರಲ್ಲಿ ನೂರಕ್ಕೆ 9ರಷ್ಟಿದ್ದ ಆಸ್ತಮಾ 1999ಕ್ಕೆ 29.5ಕ್ಕೆ ಏರಿದ್ದನ್ನು ದಾಖಲಿಸಿದರು; ಬೊಟ್ಟು ಮಾಡಿದ್ದು ವಾಹನದ ಹೊಗೆಯತ್ತ. ಮಗು ಉಸಿರಾಡುವ ಗಾಳಿಯನ್ನು ಮೊದಲು ನೋಡುವ ಪರಂಪರೆ ಇದು. ನನ್ನ ಪಕ್ಷಪಾತ ಇದರ ಕಡೆಗೇ.

ಬೆಂಗಳೂರಿನ ಲೆಕ್ಕ ಬೈಲಹೊಂಗಲ ಬಳಿಯ ಸಂಪಗಾಂವಿಗೆ ಸಾಲದು. ಇಲ್ಲಿ ಬದುವಿನ ತುಂಬ ಕಾಂಗ್ರೆಸ್ ಕಸ, ಸುಗ್ಗಿಯಲ್ಲಿ ಜೋಳದ ರಾಶಿಯ ಧೂಳು, ಕೌದಿಯೊಳಗಿನ ನುಸಿ, ಒಲೆಯ ಹೊಗೆ. ಬಿಸಿಲಿಗಂತೂ ಬರವಿಲ್ಲ. ಆದರೂ 2016–18ರಲ್ಲಿ ನಡೆದ ಮಕ್ಕಳ ಪೋಷಣೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 18, ಹದಿಹರೆಯದವರಲ್ಲಿ 24 ಮಂದಿಗೆ ಡಿ ಕೊರತೆ. ಚರ್ಮ ಡಿ ತಯಾರಿಸುವುದು ಮುಖ್ಯವಾಗಿ 11ರಿಂದ 2 ಗಂಟೆಯ ಬಿಸಿಲಿನಲ್ಲಿ ಎಂದು ತಿರುಪತಿಯಲ್ಲಿ ಅಳೆದು ತೋರಿಸಿದ್ದಾರೆ. ಆ ಹೊತ್ತಿಗೆ ಮಕ್ಕಳು ವರ್ಗದೊಳಗೆ. ಇನ್ನೊಂದು ಮಾತು: ಆ ಸಮೀಕ್ಷೆ ಕೊರತೆ ಎಂದದ್ದು ರಕ್ತದಲ್ಲಿ ಮಿಲಿಲೀಟರಿಗೆ 12 ನ್ಯಾನೊಗ್ರಾಂಗಿಂತ ಕೆಳಗಿನದನ್ನು, ಎಷ್ಟೋ ಲ್ಯಾಬುಗಳ ಕಾಗದ 30ಕ್ಕಿಂತ ಇಳಿದರೇ ಹೆದರಿಸುತ್ತದೆ.

ಕೊರತೆಯಿದ್ದರೆ ತುಂಬಬೇಕು, ಮೂಳೆಗಾಗಿ. ಅದರಿಂದ ಸೀನೂ ನಿಲ್ಲುತ್ತದೆಂದು ಭರವಸೆ ಕೊಡುವಷ್ಟು ಪುರಾವೆಯಿಲ್ಲ. ಮೂಗಿಗೆ ಸ್ಪ್ರೇ ಇದೆ. 60,000 ಯೂನಿಟ್ಟಿನ ಡಿ ಪೊಟ್ಟಣವನ್ನು ವಾರಕ್ಕೊಂದರ ಬದಲು ದಿನಕ್ಕೊಂದು ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ ಹಿಡಿಯಬಹುದು, ಮೂತ್ರಪಿಂಡಕ್ಕೂ ಕುತ್ತು.

ಮುಂದಿನ ಸಲ ಬರುವಾಗ ಆ ಕಾಗದದ ಹಿಂಬದಿಯಲ್ಲಿ ಸೀನು ಶುರುವಾದ ತಿಂಗಳನ್ನೂ ಬರೆದು ತನ್ನಿ: ಶ್ರಾವಣದಲ್ಲೋ, ಸುಗ್ಗಿಯಲ್ಲೋ.